"ರೆಸ್ಟ್ ತಗೊಳ್ಳಿ" ಅನ್ನೋ ಔಷಧಿ

ಎರಡು ವಾರದಿಂದ ಬ್ಲಾಗ್ ಕಡೆ ತಲೆ ಹಾಕಿರಲಿಲ್ಲ, ಬೈಬೇಡಿ. ಊರಿಗೆ ಹೋಗಿದ್ದೆ. ಶ್ರೀನಿವಾಸಪುರದ ಹತ್ರ ಒಂದು ಹಳ್ಳಿ, ಮಾವಿನ ತೋಪು ಬಿಟ್ರೆ ಹೇಳ್ಕೊಳ್ಳೋಕೆ ಏನೂ ಇಲ್ಲ. ದೊಡ್ಡಮ್ಮನ್ನ ನೋಡ್ಕೊಂಡು ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಆದ್ರೂ ಬರೀತಿದೀನಿ.

ದೊಡ್ಡಮ್ಮನಿಗೆ ಕೆನ್ನೆ ಒಳಗೆ ಕ್ಯಾನ್ಸರ್. ನಮ್ಮ ಕಡೆಯವರಿಗೆ ಇದನ್ನ ವಿವರಿಸೋದೇ ಬೇಡ. ಎಲೆ ಅಡಿಕೆ ಜೊತೆ ಹೊಗೆಸೊಪ್ಪನ್ನ ಒಸಡಿಗೂ ಕೆನ್ನೆಗೂ ಮಧ್ಯೆ ಒತ್ತರಿಸಿಟ್ಕೊಂಡು ದಿನವಿಡೀ ಹೊಲದಲ್ಲಿ ದುಡಿಯೋ ಹೆಂಗಸರು ಕೋಲಾರ, ಮಾಲೂರು, ಮುಳಬಾಗಿಲು ಎಲ್ಲಾ ಕಡೆ ಇದ್ದಾರೆ. ಆಪರೇಷನ್ ಆಯ್ತು, ಬೆಂಗಳೂರಲ್ಲಿ ಆರು ವಾರ ರೇಡಿಯೇಷನ್ ಆಯ್ತು. 52 ಕೆಜಿ ಇದ್ದವರು ಐದು ತಿಂಗಳಲ್ಲಿ 43ಕ್ಕೆ ಬಂದರು.

ಆಸ್ಪತ್ರೆಯಿಂದ ಕಳಿಸುವಾಗ ಒಂದು ದಪ್ಪ ಫೈಲು ಕೊಟ್ಟರು. ಮಾತ್ರೆಗಳ ಪಟ್ಟಿ ಇತ್ತು. ಬಾಯಿ ಬಿಗಿದುಕೊಳ್ಳದ ಹಾಗೆ ಐಸ್‌ಕ್ರೀಂ ಕಡ್ಡಿಗಳನ್ನ ಒಂದರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯೆ ಇಡೋ ವ್ಯಾಯಾಮ ಇತ್ತು, ಒಳ್ಳೇದೇ. ಕೈಕಾಲಿಗೆ? ಒಂದೇ ಒಂದು ಪದ: ರೆಸ್ಟ್.

ಆ ಒಂದು ಪದ ನಮ್ಮನೇಲಿ ಕಾನೂನಾಗೋಯ್ತು. ನಾಲ್ಕು ಹಸು ಹಾಲು ಕರೆದು ತಾನೇ ಡೈರಿಗೆ ಹಾಕಿ ಬರ್ತಿದ್ದ ಹೆಂಗಸು, ಲೋಟ ಎತ್ತೋಕೆ ಹೋದ್ರೂ "ಬೇಡಮ್ಮಾ, ಮಲ್ಕೋ" ಅಂತ ನಾಲ್ಕು ಜನ ಓಡಿ ಬರ್ತಾರೆ. ಪ್ರೀತಿ ಸ್ವಾಮಿ, ಎಲ್ಲಾ ಪ್ರೀತಿ! ನಾನು ಹೋದಾಗ ಬಚ್ಚಲಿಗೆ ಹೋಗೋಕೂ ಇಬ್ಬರು ಹಿಡ್ಕೊಂಡಿದ್ದರು. "ಕಾಲಲ್ಲಿ ಏನೂ ಇಲ್ಲ ಕಣಪ್ಪಾ" ಅಂದರು ದೊಡ್ಡಮ್ಮ. ನಿಜ, ತೊಡೆ ನನ್ನ ಮೊಣಕೈ ಗಾತ್ರಕ್ಕೆ ಬಂದಿತ್ತು.

ಇದು ಬರೀ ಊಟ ಸೇರದೆ ಸೊರಗೋದಲ್ಲ. ಕ್ಯಾಕೆಕ್ಸಿಯಾ ಅಂತಾರೆ. ದೇಹದೊಳಗಿನ ಉರಿಯೂತ ಸ್ನಾಯುವನ್ನೇ ಕರಗಿಸುತ್ತೆ, ಹಸಿವನ್ನೂ ಕೊಲ್ಲುತ್ತೆ. ಆರು ತಿಂಗಳಲ್ಲಿ ತೂಕ ಶೇಕಡ 5ಕ್ಕಿಂತ ಹೆಚ್ಚು ತಾನಾಗೇ ಇಳಿದರೆ ಇದನ್ನ ಅನುಮಾನಿಸಬೇಕು ಅಂತ 2011ರಲ್ಲೇ ತಜ್ಞರು ವ್ಯಾಖ್ಯೆ ಕೊಟ್ಟಿದ್ದಾರೆ. ಬರೀ ಊಟದಿಂದ ಇದು ಪೂರ್ತಿ ವಾಪಸ್ ಬರಲ್ಲ ಅನ್ನೋದೂ ಅದೇ ವ್ಯಾಖ್ಯೇಲಿದೆ. ದೊಡ್ಡಮ್ಮಂದು ಶೇಕಡ 17! ಯಾರೂ ಆ ಪದಾನೇ ಎತ್ತಲಿಲ್ಲ.

ಇದರ ಮೇಲೆ ಮಲಗಿಸೋದು ಬೇರೆ. 2007ರಲ್ಲಿ ಅಮೆರಿಕದಲ್ಲಿ ಖಾಯಿಲೆ ಏನೂ ಇಲ್ಲದ ವಯಸ್ಸಾದವರನ್ನ ಬರೀ 10 ದಿನ ಹಾಸಿಗೆಯಲ್ಲಿಟ್ಟು ನೋಡಿದರು. ಕಾಲಿನ ಸ್ನಾಯು ಸುಮಾರು ಒಂದು ಕೆಜಿ ಹೋಗಿತ್ತು. ಗಟ್ಟಿ ಇದ್ದವರ ಕಥೆ ಇದು. ನಮ್ಮವರನ್ನ ನಾವು ಎರಡು ತಿಂಗಳು ಮಲಗಿಸಿದೀವಿ.

"ವ್ಯಾಯಾಮದಿಂದ ವಾಸಿಯಾಗುತ್ತಾ?" ಇಲ್ಲ. ಪ್ರಾಣಾಯಾಮದಿಂದ ಗಡ್ಡೆ ಕರಗುತ್ತೆ ಅಂತ ವಾಟ್ಸಾಪಲ್ಲಿ ಕಳಿಸೋರು ದಯವಿಟ್ಟು ದೂರ ಇರಿ. ಕ್ಯಾಕೆಕ್ಸಿಯಾಗೆ ವ್ಯಾಯಾಮ ಎಷ್ಟು ಕೆಲಸ ಮಾಡುತ್ತೆ ಅಂತ ಕಾಕ್ರೇನ್ ಸಂಸ್ಥೆಯವರು 2021ರಲ್ಲಿ ಹುಡುಕಿದಾಗ ಸಿಕ್ಕಿದ್ದು ನಾಲ್ಕೇ ಸಣ್ಣ ಅಧ್ಯಯನ, ಖಚಿತವಾಗಿ ಏನೂ ಹೇಳೋಕಾಗಲ್ಲ ಅಂದರು. 2024ರಲ್ಲಿ ಮೆನಾಕ್ ಅನ್ನೋ ಟ್ರಯಲ್ ಫಲಿತಾಂಶ ಬಂತು. ಶ್ವಾಸಕೋಶ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ 212 ಜನ. ಮನೇಲೇ ಮಾಡೋ ವ್ಯಾಯಾಮ, ಪೌಷ್ಟಿಕ ಪಾನೀಯ, ಉರಿಯೂತದ ಮಾತ್ರೆ, ಮೂರೂ ಒಟ್ಟಿಗೆ ಆರು ವಾರ. ತೂಕ ನಿಂತಿತು; ಇದ್ಯಾವುದೂ ಇಲ್ಲದವರಲ್ಲಿ ಸುಮಾರು ಒಂದು ಕೆಜಿ ಇಳಿಯಿತು. ಸ್ನಾಯುವಿನ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ.

"ನೋಡಿದ್ಯಾ, ಪುರಾವೆ ಇಲ್ಲ" ಅಂತೀರಾ? ಸರಿ, ಹಾಸಿಗೆಯಲ್ಲಿ ಕೆಡವೋದಕ್ಕೆ ಯಾವ ಪುರಾವೆ ಇದೆ ತೋರಿಸಿ. ನಮ್ಮ ಆಫೀಸ್ ಭಾಷೇಲಿ ಹೇಳೋದಾದ್ರೆ ರೆಸ್ಟ್ ಅನ್ನೋದು ಯಾರೋ ಯಾವಾಗಲೋ ಇಟ್ಟ ಡೀಫಾಲ್ಟ್ ಸೆಟ್ಟಿಂಗ್. ಅದನ್ನ ಯಾರೂ ಟೆಸ್ಟ್ ಮಾಡಿಲ್ಲ, ಬದಲಾಯಿಸೋಕೂ ಯಾರಿಗೂ ಪುರುಸೊತ್ತಿಲ್ಲ.

ಎಲ್ಲರೂ ನಾಳೆಯಿಂದ ಎದ್ದು ಓಡಿ ಅಂತಲ್ಲ. ಮೂಳೆಗೆ ಹರಡಿದ್ರೆ, ಜ್ವರ ಇದ್ರೆ, ರಕ್ತ ತೀರಾ ಕಮ್ಮಿ ಇದ್ರೆ, ಪ್ಲೇಟ್‌ಲೆಟ್ ಬಿದ್ದಿದ್ರೆ ಅಪಾಯ. ಅದಕ್ಕೇ ಡಾಕ್ಟರನ್ನ ಕೇಳಬೇಕು, ಅವರೂ ಬಾಯಿ ಬಿಟ್ಟು ಹೇಳಬೇಕು. ಹೊಟ್ಟೆಗೆ ಏನೂ ಹೋಗದೆ ವ್ಯಾಯಾಮ ಮಾಡಿಸಿದ್ರೂ ಕೆಡುತ್ತೆ. ನಾವು ಬೇರೆ ಡಾಕ್ಟರಿಗೆ ರಿಪೋರ್ಟ್ ತೋರಿಸಿ, ಒಬ್ಬ ಫಿಸಿಯೋಥೆರಪಿಸ್ಟ್‌ಗೆ ವಿಡಿಯೋ ಕಾಲ್ ಮಾಡಿ ಶುರು ಮಾಡಿದ್ವಿ. ಗೋಡೆಗೆ ಒತ್ತಿ ಇಟ್ಟ ಕುರ್ಚಿಯಿಂದ ಎದ್ದು ಕೂರೋದು, ಅಷ್ಟೇ. ಮೊದಲ ದಿನ ಎರಡು ಸಲ. ಆಮೇಲೆ ರಾಗಿ ಗಂಜಿ, ಹಾಲು, ಮೆತ್ತಗೆ ಬೇಯಿಸಿದ ಮೊಟ್ಟೆ. ನಾನು ಹೊರಡೋ ದಿನ ಆರು ಸಲ ಎದ್ದರು. ತೂಕ ಅದೇ 43. ಆದ್ರೆ ಬಚ್ಚಲಿಗೆ ಒಬ್ಬರು ಹಿಡ್ಕೊಂಡ್ರೆ ಸಾಕು. ಪಕ್ಕದ ಮನೆಯವರು ಮಾತ್ರ "ಪಾಪ, ಖಾಯಿಲೆಯವಳಿಗೆ ಡ್ರಿಲ್ ಮಾಡಿಸ್ತಾನೆ" ಅಂತ ನನಗೆ ಮಂಗಳಾರತಿ ಎತ್ತಿದರು :)

ನಾನು ಇಂಟರ್ನೆಟ್ ಇರೋನು, ಇಂಗ್ಲಿಷ್ ಓದ್ತೀನಿ, ಮಾಡಿದೆ. ಮುಳಬಾಗಿಲಿಂದ ಬೆಳಗ್ಗೆ ನಾಲ್ಕಕ್ಕೆ ಬಸ್ ಹತ್ತಿ ಬೆಂಗಳೂರಿಗೆ ಬರೋರು ಯಾರನ್ನ ಕೇಳಬೇಕು? ಆ ಫೈಲಲ್ಲಿ ಕನ್ನಡದ್ದು ಒಂದು ಹಾಳೆ ಇದ್ದಿದ್ರೆ ಸಾಕಿತ್ತು. ಚಿತ್ರ ಇದ್ರೆ ಇನ್ನೂ ವಾಸಿ. ನಮ್ಮ ಗಡಿ ಕಡೆ ಎಷ್ಟೋ ಮನೇಲಿ ಮಾತು ತೆಲುಗು, ಓದೋಕೆ ಬರೋರೂ ಕಮ್ಮಿ.

ಬ್ಲಾಗಿಗರಲ್ಲಿ ಫಿಸಿಯೋಥೆರಪಿ ಓದಿದವರು, ಚಿತ್ರ ಬರೆಯೋರು ಇದ್ರೆ ಕೆಳಗೆ ಕಾಮೆಂಟ್ ಹಾಕಿ. ಹಾಳೆ ನಾನು ಟೈಪ್ ಮಾಡ್ತೀನಿ, ನೀವು ತಪ್ಪು ತಿದ್ದಿ ಕೊಡಿ.