ಬಾಣಂತಿಯ ಬಾಗಿಲು ಹಾಕಿದರೆ ಸಾಕೇ?

ವಾಷಿಂಗ್ಟನ್ ರಾಜ್ಯದ ಗವರ್ನರ್ ಬಾಬ್ ಫರ್ಗ್ಯೂಸನ್ ಅವರಿಗೆ,

ಸಿಯಾಟಲ್ ಸುತ್ತಮುತ್ತ ದುಡಿಯುವ ಕನ್ನಡಿಗರಲ್ಲಿ ನಾನೂ ಒಬ್ಬಳು. ಈ ಕಾಗದವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಓದಿ ಹೇಳುವವರು ನಿಮ್ಮ ರಾಜ್ಯದಲ್ಲಿ ಬೇಕಾದಷ್ಟು ಜನ ಇದ್ದಾರೆ.

ಮೊದಲು ಮೆಚ್ಚುಗೆ. 2025ರ ಜನವರಿ 1ರಿಂದ ದಕ್ಷಿಣವಾಸಿ ಎಂದು ಕರೆಯುವ ಇಲ್ಲಿನ ಓರ್ಕಾ ತಿಮಿಂಗಿಲಗಳ ಹತ್ತಿರ, 1,000 ಗಜದೊಳಗೆ, ದೋಣಿಗಳು ಹೋಗುವಂತಿಲ್ಲ. ಅಷ್ಟು ದೂರದಿಂದ ಏನು ಕಂಡೀತು ಎಂದು ನನ್ನ ಸ್ನೇಹಿತರು ಗೊಣಗಿದ್ದುಂಟು. ಆದರೆ ಓರ್ಕಾ ಬೇಟೆಯಾಡುವುದು ಕಿವಿಯಿಂದ. ತಾನು ಹೊರಡಿಸಿದ ಸದ್ದು ಮೀನಿಗೆ ತಾಗಿ ಮರಳಿದರೆ ಅದಕ್ಕೆ ಊಟದ ಜಾಡು ಸಿಕ್ಕಂತೆ. ಎಂಜಿನ್ನಿನ ಗದ್ದಲದಲ್ಲಿ ಆ ಮಾರ್ದನಿ ಮುಳುಗಿಹೋಗುತ್ತದೆ. ದೋಣಿ ಸಮೀಪಿಸಿದರೆ ಹೆಣ್ಣು ಓರ್ಕಾಗಳು ಬೇಟೆಯನ್ನೇ ಕೈಬಿಡುವುದುಂಟು. ಇಡೀ ಸಂತತಿಯಲ್ಲಿ ಉಳಿದಿರುವುದೇ 75ರ ಆಸುಪಾಸು. ಕಾನೂನು ಸರಿಯಾಗಿಯೇ ಇದೆ.

ನೋಡಲೇಬೇಕೆನ್ನುವವರಿಗೆ ದಡವಿದೆ. ಸ್ಯಾನ್ ವಾನ್ ದ್ವೀಪದ ಲೈಮ್ ಕಿಲ್ನ್ ದೀಪಸ್ತಂಭದ ಬಳಿ ಬಂಡೆಯ ಮೇಲೆ ಕಾದು ಕುಳಿತರೆ, ಅದೃಷ್ಟವಿದ್ದ ದಿನ ಇವುಗಳದೇ ಒಂದು ಗುಂಪಾದ ಜೆ ಬಳಗ ಕಣ್ಣೆದುರೇ ಹಾದುಹೋಗುತ್ತದೆ. ನಾನು ಹಸುಗೂಸನ್ನು ಕಂಡದ್ದು ಅಲ್ಲಿಯೇ. ತಾಯಿಯ ಪಕ್ಕೆಗೆ ಅಂಟಿಕೊಂಡೇ ಈಜುತ್ತಿತ್ತು. ಉಸಿರಾಡಲು ಇನ್ನೂ ಸರಿಯಾಗಿ ಕಲಿಯದೆ, ಪ್ರತಿ ಸಲವೂ ಇಡೀ ತಲೆಯನ್ನೇ ನೀರಿನಿಂದ ಮೇಲೆತ್ತುತ್ತಿತ್ತು. ದೊಡ್ಡವುಗಳಲ್ಲಿ ಬಿಳಿಯಾಗಿರುವ ಕಡೆಯೆಲ್ಲ ಇದಕ್ಕೆ ಕಿತ್ತಳೆ ಛಾಯೆ. ಮೈಮೇಲೆ, ಗರ್ಭದಲ್ಲಿ ಮಡಿಚಿ ಮಲಗಿದ್ದ ಗೆರೆಗಳು. ದುರ್ಬೀನು ಹಿಡಿದಿದ್ದ ಹಿರಿಯರೊಬ್ಬರು ಆ ಗೆರೆ ನೋಡಿ, ತೀರಾ ಎಳೆಯದು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅವರು ಮಾತ್ರ ತಟ್ಟಲಿಲ್ಲ. "ಮೊದಲ ವರ್ಷ ದಾಟಲಿ," ಎಂದರು.

ಅವರ ಅಂಜಿಕೆ ಸುಮ್ಮನೆ ಬಂದದ್ದಲ್ಲ. ಜೆ ಬಳಗದ ತಾಲೆಕ್ವಾಳ ಕತೆ ಜಗತ್ತಿಗೇ ಗೊತ್ತು. 2018ರಲ್ಲಿ, ಹುಟ್ಟಿದ ಅರ್ಧ ಗಂಟೆಯಲ್ಲೇ ಸತ್ತ ಮರಿಯನ್ನು 17 ದಿನ ಹೊತ್ತು ಈಜಿದವಳು. 2024ರ ಡಿಸೆಂಬರ್‌ನಲ್ಲಿ ಮತ್ತೊಂದು ಹೆಣ್ಣುಮರಿ ಹುಟ್ಟಿತು. ಹೊಸ ವರ್ಷದ ಹೊತ್ತಿಗೆ ಅದರ ಹೆಣವನ್ನೂ ಹೊತ್ತಿದ್ದಳು. ವಾಷಿಂಗ್ಟನ್ ವಿಶ್ವವಿದ್ಯಾಲಯದವರು ದೋಣಿಯ ತುದಿಯಲ್ಲಿ ನಾಯಿಯನ್ನು ನಿಲ್ಲಿಸಿ, ಅದರ ಮೂಗನ್ನೇ ನಂಬಿ, ಓರ್ಕಾಗಳ ಮಲ ಹುಡುಕಿ ಪರೀಕ್ಷಿಸಿದರು. 2008ರಿಂದ 2014ರವರೆಗೆ ಹೀಗೆ ಪತ್ತೆಯಾದ ಬಸಿರುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡಕ್ಕೆ ಮರಿ ದಕ್ಕಲಿಲ್ಲ. ಹೊಟ್ಟೆಗೆ ಸಾಕಷ್ಟಿಲ್ಲದ್ದೇ ದೊಡ್ಡ ಕಾರಣವೆಂದು ಕಂಡುಕೊಂಡರು. ಒಂದೂವರೆ ವರ್ಷದ ಹತ್ತಿರ ಹೊರುವ ತಾಯಿ ಹುಡುಕುವುದು ಚಿನೂಕ್ ಸಾಲ್ಮನ್ ಮೀನನ್ನು. ಕಡಿಮೆಯಾಗಿರುವುದೂ ಅದೇ.

ನಮ್ಮ ಕಡೆ ಬಾಣಂತಿ ಕೋಣೆಗೆ ಕಂಡಕಂಡವರನ್ನು ಬಿಡುವುದಿಲ್ಲ. ಆದರೆ ಹೊತ್ತುಹೊತ್ತಿಗೆ ಬಿಸಿ ಅನ್ನ, ಮೆಣಸಿನ ಸಾರು ಒಳಗೆ ಹೋಗುತ್ತದೆ. ನಿಮ್ಮ ಸರ್ಕಾರ ಬಾಗಿಲು ಹಾಕಿದೆ, ಊಟದ ಮಾತು ಇನ್ನೂ ಕಡತದಲ್ಲಿದೆ.

ಆ ಊಟದ ಮೀನಿನ ದಾರಿಗೆ ಅಡ್ಡವಾಗಿರುವ, ಸ್ನೇಕ್ ನದಿಯ ಕೆಳಭಾಗದ ನಾಲ್ಕು ಅಣೆಕಟ್ಟುಗಳು ಒಕ್ಕೂಟ ಸರ್ಕಾರದವು, ನೀವೊಬ್ಬರೇ ಕೀಳಲಾರಿರಿ, ಬಲ್ಲೆ. ಅಲ್ಲಿನ ಸಾಲ್ಮನ್ ಉಳಿಸಲು 2023ರಲ್ಲಿ ಆದ ಒಪ್ಪಂದದಿಂದ ಆ ಸರ್ಕಾರ 2025ರ ಜೂನ್‌ನಲ್ಲಿ ಹಿಂದೆ ಸರಿದದ್ದೂ ಗೊತ್ತು. ಆದರೆ 2022ರಲ್ಲಿ ಆಗಿನ ಗವರ್ನರ್ ಜೇ ಇನ್ಸ್ಲೀ, ಸೆನೆಟರ್ ಪ್ಯಾಟಿ ಮರ್ರೆ ಹೇಳಿದ್ದೇನು? ಅಣೆಕಟ್ಟು ಒಡೆಯುವ ಮೊದಲು ವಿದ್ಯುತ್, ನೀರಾವರಿ, ಗೋಧಿ ಸಾಗಣೆಗೆ ಬದಲಿ ವ್ಯವಸ್ಥೆಯಾಗಲಿ ಎಂದು. ಬದಲಿಯ ಸಿದ್ಧತೆಗೆ ದೂರದ ರಾಜಧಾನಿಯ ಅಪ್ಪಣೆ ಕಾಯಬೇಕಿಲ್ಲ. ನಿಮ್ಮ ರಾಜ್ಯದಲ್ಲೇ ಎಲ್ವಾ ನದಿಯ ಎರಡು ಅಣೆಕಟ್ಟುಗಳು 2014ರ ಹೊತ್ತಿಗೆ ಹೋದವು. ಸಾಲ್ಮನ್ ಈಗ ಅಲ್ಲಿ ಹಳೆಯ ಕಟ್ಟೆಗಳಾಚೆಗೂ ಏರುತ್ತಿದೆ. ಮುಂದಿನ ಬಜೆಟ್‌ನಲ್ಲಿ ಸ್ನೇಕ್ ನದಿಯ ಬದಲಿ ವ್ಯವಸ್ಥೆಗೆ ಎಷ್ಟು ಹಣ, ಯಾವ ಕೆಲಸ ಮೊದಲು, ಯಾವ ವರ್ಷದೊಳಗೆ: ಇಷ್ಟನ್ನು ಬರವಣಿಗೆಯಲ್ಲಿ ಜನರ ಮುಂದಿಡಿ.

ಇತಿ,
ರೆಡ್ಮಂಡಿನ ಒಬ್ಬ ನಿವಾಸಿ