ಕಾಮಣಿ ಎಂದು ಬರೆದರೆ ಕೆಲಸ ಮುಗಿಯಿತೇ?

ಕಣ್ಣು ಹಳದಿ, ಮೂತ್ರ ಹಳದಿ. ಎಂಟು ದಿನ ನಾಟಿ ಔಷಧ, ಒಂಬತ್ತನೆಯ ದಿನ ದೊಡ್ಡಾಸ್ಪತ್ರೆ, ಹತ್ತನೆಯ ದಿನ ಸ್ಮಶಾನ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹಳ್ಳಿಗಳಿಂದ ರೋಗಿಯನ್ನು ಗದಗಿಗೆ ತರುವಷ್ಟರಲ್ಲಿ ಹೊತ್ತು ಮೀರಿರುವುದುಂಟು. ಏನಾಗಿತ್ತು ಎಂದು ಕೇಳಿದರೆ ‘ಕಾಮಣಿ’ ಎಂಬ ಒಂದೇ ಉತ್ತರ. ಅಲ್ಲಿಗೆ ಕಡತ ಬಂದ್.

ಕಾಮಣಿ ಎಂಬುದು ರೋಗದ ಹೆಸರಲ್ಲ, ಯಕೃತ್ತು ಕೆಟ್ಟಿದೆ ಎಂಬುದರ ಗುರುತು. ಕೆಡಿಸಿದ್ದು ಯಾವುದು? ಹೆಪಟೈಟಿಸ್ ವೈರಸ್‌ಗಳೇ ಎ, ಬಿ, ಸಿ, ಡಿ, ಇ ಎಂದು ಐದು. ಎ ಮತ್ತು ಇ ಹೊಲಸು ನೀರಿನಿಂದ ಬರುವಂಥವು. ಉಳಿದ ಮೂರು ಮುಖ್ಯವಾಗಿ ರಕ್ತ ಮತ್ತು ಸೂಜಿಯ ಮೂಲಕ ಬರುವಂಥವು. ಬಿ ತಾಯಿಯಿಂದ ಮಗುವಿಗೂ ದಾಟುತ್ತದೆ. ಇಲಿ ಜ್ವರ, ಮದ್ಯ, ಕೆಲವು ಔಷಧಗಳೂ ಮೈ ಹಳದಿ ಮಾಡುತ್ತವೆ. ನೋಡಲು ಎಲ್ಲ ಒಂದೇ, ಬಂದ ದಾರಿ ಮಾತ್ರ ಬೇರೆ ಬೇರೆ.

ದಾರಿ ತಿಳಿಯದೆ ತಡೆಯುವುದು ಹ್ಯಾಂಗ? 1955-56ರಲ್ಲಿ ದಿಲ್ಲಿಯಲ್ಲಿ ಗಟಾರದ ನೀರು ಯಮುನೆಯ ಕುಡಿಯುವ ನೀರಿಗೆ ಸೇರಿ 29 ಸಾವಿರ ಜನ ಕಾಮಣಿಗೆ ತುತ್ತಾದರು. ಅಂದು ಕಾದಿಟ್ಟ ರಕ್ತವನ್ನು ದಶಕಗಳ ನಂತರ ಪರೀಕ್ಷಿಸಿದಾಗಲೇ ಅದು ‘ಇ’ ಎಂದು ಗೊತ್ತಾದದ್ದು. 2009ರಲ್ಲಿ ಗುಜರಾತದ ಮೋಡಾಸಾದಲ್ಲಿ ಹಲವರು ಸತ್ತದ್ದು ‘ಬಿ’ಯಿಂದ, ಅಲ್ಲಿ ಕಾರಣ ಬಳಸಿದ ಸೂಜಿಯನ್ನೇ ಮತ್ತೆ ಬಳಸಿದ್ದು. ಮೊದಲನೆಯದಕ್ಕೆ ಪೈಪು ರಿಪೇರಿಯಾಗಬೇಕು, ಎರಡನೆಯದಕ್ಕೆ ಸೂಜಿಗೆ ಕಡಿವಾಣ ಬೀಳಬೇಕು.

ಗದಗ-ಬೆಟಗೇರಿಗೆ ಹಮ್ಮಿಗಿಯಿಂದ ಬರುವ ತುಂಗಭದ್ರೆಯ ನೀರು ನಳದಲ್ಲಿ ಕಾಣುವುದು ಹಲವು ದಿನಗಳಿಗೊಮ್ಮೆ. ಖಾಲಿ ಬಿದ್ದ ಪೈಪು ಒಡೆದಿದ್ದರೆ ಪಕ್ಕದ ಗಟಾರವನ್ನೇ ಒಳಗೆಳೆದುಕೊಳ್ಳುತ್ತದೆ. ‘ಇ’ ವೈರಸ್ ತುಂಬು ಗರ್ಭಿಣಿಯರಿಗೆ ಯಮನಿದ್ದಂತೆ. ಇಂಥಲ್ಲಿ ಒಂದು ಸಾವಿನ ಕಾರಣ ತಿಳಿದರೆ ಇಡೀ ಓಣಿ ಎಚ್ಚರಗೊಂಡೀತು.

ಈಗ ಮರಣೋತ್ತರ ಪರೀಕ್ಷೆ ನಡೆಯುವುದು ಬಹುಮಟ್ಟಿಗೆ ಪೊಲೀಸ್ ಪ್ರಕರಣಗಳಲ್ಲಿ. ಅಂಗಾಂಶ ಉಪ್ಪುನೀರಿನ ಬಾಟಲಿಯಲ್ಲಿ ಹೋಗುವುದು ವಿಷ ಹುಡುಕಲು, ವೈರಸ್ ಹುಡುಕಲು ಅಲ್ಲ. ವೈರಸ್ಸಿಗೆ ಬೇರೆ ಕ್ರಮವಿದೆ. ಮರಣಿಸಿದ ಕೆಲವೇ ತಾಸುಗಳಲ್ಲಿ ಸ್ವಲ್ಪ ರಕ್ತ, ಯಕೃತ್ತಿನ ಎರಡು ಸಣ್ಣ ಚೂರು. ಒಂದು ಚೂರು ಸೂಕ್ಷ್ಮದರ್ಶಕಕ್ಕಾಗಿ ಫಾರ್ಮಲಿನ್‌ನಲ್ಲಿ, ಇನ್ನೊಂದು ಪಿಸಿಆರ್ ಪರೀಕ್ಷೆಗಾಗಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ. ವೈರಸ್ಸಿನ ಒಳತಳಿಯನ್ನೂ ಓದಿ ಹೋಲಿಸಿದರೆ ಹತ್ತು ರೋಗಿಗಳಿಗೆ ಒಂದೇ ಮೂಲವೋ, ಬೇರೆಬೇರೆಯೋ ಎಂಬುದರ ಸುಳಿವು ಸಿಗುತ್ತದೆ.

‘ಹೋದಾವ ಹೋದ, ಇನ್ನ ಕೊಯ್ದು ಏನ್ ನೋಡ್ತೀರಿ?’ ಎನ್ನುವ ಮನೆಯವರ ಸಂಕಟ ಸುಳ್ಳಲ್ಲ. ಆದರೆ ಹೊಟ್ಟೆ ಸೀಳುವ ಅಗತ್ಯವೇ ಇಲ್ಲ, ದಪ್ಪ ಸೂಜಿಯೊಂದರಿಂದ ಚೂರು ತೆಗೆಯಬಹುದು. ಶವ ಕೊಡಲು ತಡವಾಗಬಾರದು, ಒಪ್ಪಿಗೆಯಿಲ್ಲದೆ ಮುಟ್ಟಬಾರದು, ಫಲಿತಾಂಶ ಊರ ಬಾಯಿಗೆ ಬೀಳಬಾರದು. ಬಿ ಅಥವಾ ಸಿ ಎಂದು ತಿಳಿದರೆ ಮೊದಲ ಲಾಭ ಆ ಮನೆಯವರಿಗೇ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅವರಿಗೆ ಪರೀಕ್ಷೆ, ಔಷಧ ಎರಡೂ ಪುಕ್ಕಟೆ. ಬಿ ಬಾರದಂತೆ ಲಸಿಕೆಯೂ ಇದೆ.

ಕರ್ನಾಟಕಕ್ಕೆ ಇದು ಹೊಸ ಪಾಠವೇನಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ಹಳದಿ ಜ್ವರ ಬಂತೆಂಬ ಭೀತಿ ಹಬ್ಬಿತ್ತು. ಪುಣೆಯ ತಜ್ಞರು ಆ ಮಂಗಗಳನ್ನು ಪರೀಕ್ಷಿಸಿ ಹೊಸ ವೈರಸ್ಸನ್ನೇ ಹಿಡಿದರು. ಮಂಗನ ಸಾವಿಗೆ ಸಿಕ್ಕ ಮರ್ಯಾದೆ ಮನುಷ್ಯನ ಸಾವಿಗೆ ಬೇಡವೇ?

ಗದಗಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಕಾರಣ ತಿಳಿಯದ ಪ್ರತಿ ಕಾಮಣಿ ಸಾವಿಗೂ ಈ ಕ್ರಮ ಜಾರಿಗೆ ಬರಲಿ. ವರದಿ ಬಂದ ದಿನವೇ ಆರೋಗ್ಯಾಧಿಕಾರಿಗಳಿಗೂ ನಗರಸಭೆ, ಪುರಸಭೆ, ಪಂಚಾಯಿತಿಗಳಿಗೂ ಮುಟ್ಟಲಿ. ಸಂಬಂಧಪಟ್ಟವರು ಮುಂದಿನ ಹೆಣಕ್ಕಾಗಿ ಕಾಯದಿರಲಿ.