ಹುಟ್ಟದ ಮನೆಗೂ ಒಂದು ಬೆಲೆ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದವರನ್ನು ಕಂಡು ನಗುತ್ತೇವೆ. ಕೂಸು ಹುಟ್ಟುವುದಕ್ಕೆ ಹದಿನೈದು ವರ್ಷ ಮೊದಲು ಅದು ಎಷ್ಟು ತೂಗುತ್ತಿತ್ತು ಎಂದು ಕೇಳುವವರನ್ನು ಏನನ್ನಬೇಕು? ಇಂಗ್ಲೆಂಡಿನಲ್ಲಿ ಅಂಥವರನ್ನು ತೆರಿಗೆ ಅಧಿಕಾರಿಗಳು ಎನ್ನುತ್ತಾರೆ.

ರೆಡಿಂಗ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಒಂದು ಸಂಜೆ ಅವಳು ಲ್ಯಾಪ್‌ಟಾಪಿನಿಂದ ತಲೆ ಎತ್ತಿ, "ಅಪ್ಪ, ಈ ಮನೆ 1991ರ ಏಪ್ರಿಲ್ 1ನೇ ತಾರೀಖು ಎಷ್ಟಕ್ಕೆ ಹೋಗ್ತಿತ್ತು, ಅಂದಾಜು ಹೇಳಿ ನೋಡೋಣ" ಅಂದಳು. ತಾರೀಖು ಕೇಳಿ ತಮಾಷೆ ಇರಬೇಕು ಅಂದುಕೊಂಡೆ. ಆ ಮನೆ ಕಟ್ಟಿದ್ದೇ 2006ರಲ್ಲಿ.

ತಮಾಷೆಯಲ್ಲ. ಇಂಗ್ಲೆಂಡಿನಲ್ಲಿ ಮನೆ ಕಂದಾಯಕ್ಕೆ ಕೌನ್ಸಿಲ್ ಟ್ಯಾಕ್ಸ್ ಎಂದು ಹೆಸರು. ಎ ಇಂದ ಎಚ್ ತನಕ ಎಂಟು ಬ್ಯಾಂಡ್‌ಗಳು. 1991ರ ಬೆಲೆ 40,000 ಪೌಂಡ್ ಮೀರದಿದ್ದರೆ ಎ, 3,20,000 ದಾಟಿದರೆ ಎಚ್. ಇವತ್ತು ಗಾರೆ ಆರದ ಹೊಸ ಫ್ಲಾಟ್ ಆದರೂ ಸರಿ, ಆ ದಿನ ಅದು ಅಲ್ಲಿ ನಿಂತಿದ್ದಿದ್ದರೆ ಎಷ್ಟಕ್ಕೆ ಮಾರಾಟವಾಗುತ್ತಿತ್ತು ಎಂದು ಊಹಿಸಿಯೇ ಬ್ಯಾಂಡ್ ಕೊಡಬೇಕು.

ಈ ಊಹೆಯ ಹಿಂದೆ ಒಂದು ಅವಸರದ ಕಥೆಯಿದೆ. ಮಾರ್ಗರೆಟ್ ಥ್ಯಾಚರ್ ಸರ್ಕಾರ ಬಡವ ಬಲ್ಲಿದ ಎನ್ನದೆ ತಲೆಗಂದಾಯ ಹೇರಿತು. 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಗಲಭೆಯೆದ್ದಿತು. ಅದೇ ನವೆಂಬರಿನಲ್ಲಿ ಥ್ಯಾಚರ್ ಕುರ್ಚಿ ಬಿಟ್ಟರು. ಬದಲಿ ತೆರಿಗೆ 1993ರ ಏಪ್ರಿಲ್‌ಗೆ ಜಾರಿಯಾಗಬೇಕಿತ್ತು. ಅಷ್ಟರೊಳಗೆ ದೇಶದ ಮನೆಗಳನ್ನೆಲ್ಲ ಒಳಹೊಕ್ಕು ನೋಡಲು ಪುರುಸೊತ್ತೆಲ್ಲಿ? ಬೆಲೆ ಕಟ್ಟುವವರು ಕಾರಿನಲ್ಲಿ ಕೂತು, ಬೀದಿಯುದ್ದಕ್ಕೂ ಕಣ್ಣಾಡಿಸುತ್ತ ಬ್ಯಾಂಡ್ ಬರೆದುಕೊಂಡು ಹೋದರು. ಅದಕ್ಕೆ ಅಲ್ಲಿ 'ಸೆಕೆಂಡ್ ಗೇರ್ ಮೌಲ್ಯಮಾಪನ' ಎಂಬ ಅಡ್ಡಹೆಸರೇ ಇದೆ. ಆ ಗೇರಿನಲ್ಲಿ ಗೀಚಿದ ಎಷ್ಟೋ ಅಕ್ಷರಗಳು ಇವತ್ತಿಗೂ ಬಿಲ್ಲಿನ ಮೇಲಿವೆ.

ತಪ್ಪಿದ್ದರೆ ಪತ್ತೆ ಮಾಡುವ ಕೆಲಸ ಮನೆಯವರದು. ಮಗಳು ಮಾಡುತ್ತಿದ್ದುದೂ ಅದನ್ನೇ. ಬ್ಯಾಂಡ್ ಪಟ್ಟಿ ಎಲ್ಲರಿಗೂ ತೆರೆದಿದೆ, ಹಾಗಾಗಿ ಮೊದಲು ತಮ್ಮದರಂಥದೇ ಅಕ್ಕಪಕ್ಕದ ಮನೆಗಳದ್ದು ಯಾವುದೆಂದು ನೋಡಿದಳು. ಇವರದು ಇ, ಎರಡು ಮನೆ ಆಚೆಯ ತದ್ರೂಪಿಯದು ಡಿ. ಆಮೇಲೆ ಬೆಲೆಯ ಲೆಕ್ಕ. ಮನೆ ಹಿಂದೆ ಎಷ್ಟಕ್ಕೆ ಮಾರಾಟವಾಗಿತ್ತು ಎಂಬುದು 1995ರಿಂದೀಚೆಗೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಸಿಗುತ್ತದೆ. ಆ ಮೊತ್ತವನ್ನು ನೇಷನ್‌ವೈಡ್ ಎಂಬ ಗೃಹಸಾಲ ಸಂಸ್ಥೆಯ ಮನೆಬೆಲೆ ಸೂಚ್ಯಂಕ ಹಿಡಿದು 1991ಕ್ಕೆ ಇಳಿಸಬೇಕು. ಇಳಿಸುವುದು ಎಂದೆ, ಆದರೆ ಎಲ್ಲ ಸಲವೂ ಇಳಿಯುವುದಿಲ್ಲ. ತೊಂಬತ್ತರ ದಶಕದ ಮೊದಲರ್ಧದಲ್ಲಿ ಅಲ್ಲಿ ಮನೆಗಳ ಬೆಲೆ ಬಿದ್ದಿತ್ತು. 1995ರಲ್ಲಿ ಮಾರಿದ ಮನೆ 1991ರಲ್ಲಿ ಅದಕ್ಕಿಂತ ಹೆಚ್ಚು ಬಾಳುತ್ತಿದ್ದಿರಬಹುದು. ಇದನ್ನು ಮರೆತು ಲೆಕ್ಕ ಹಾಕಿದವರು ಬೇಸ್ತು ಬೀಳುತ್ತಾರೆ.

ಡಿ ಬ್ಯಾಂಡಿನ ಮೇಲ್ಮಿತಿ 88,000 ಪೌಂಡ್. ಇಡೀ ದೇಶದ ಸೂಚ್ಯಂಕದಲ್ಲಿ ಮಗಳ ಮನೆ ಆ ಗೆರೆಯ ಮೇಲೆ ಬಂತು. ಆ ಸೀಮೆಯದೇ ಸೂಚ್ಯಂಕದಲ್ಲಿ ಕೆಳಗೆ. ಒಂದೇ ಮನೆಗೆ ಎರಡು ಭೂತಕಾಲ! ಡಿ ಒಂಬತ್ತು ಪಾಲು ಕಟ್ಟಿದರೆ ಇ ಹನ್ನೊಂದು ಪಾಲು ಕಟ್ಟಬೇಕು, ವರ್ಷ ವರ್ಷವೂ. ಅರ್ಜಿ ಹಾಕೋಣವೆಂದರೆ ಇನ್ನೊಂದು ತೊಡಕು: ಮರುಪರಿಶೀಲನೆಗೆ ಕೂತ ಅಧಿಕಾರಿ ಬ್ಯಾಂಡ್ ಇಳಿಸಲೂಬಹುದು, ಏರಿಸಲೂಬಹುದು. ನಮ್ಮದೇ ಸರಿ, ಆಚೆಯವರದೇ ತಪ್ಪು ಎಂದು ಕಂಡರೆ ಅವರ ಡಿ ಹೋಗಿ ಇ ಆಗಬಹುದು. ಸಾಕ್ಷಿಗೆಂದು ಕರೆದ ಮನೆಯೇ ಕಟಕಟೆ ಹತ್ತಿದ ಹಾಗೆ.

ಮನೆಮನೆಯ ಈ ತಪ್ಪುಗಳಿಗಿಂತ ದೊಡ್ಡ ತಪ್ಪು ತಾರೀಖಿನಲ್ಲಿದೆ. 1991ರ ನಂತರ ಲಂಡನ್ನಿನ ಬೆಲೆಗಳು ಮುಗಿಲು ಮುಟ್ಟಿದವು. ಉತ್ತರದ ಊರುಗಳದು ಅದರ ಹತ್ತಿರಕ್ಕೂ ಬರಲಿಲ್ಲ. ಬ್ಯಾಂಡ್ ಮಾತ್ರ ನಿಂತಲ್ಲೇ ನಿಂತಿತು. ಎಚ್‌ನ ತೆರಿಗೆ ಡಿಯ ಎರಡರಷ್ಟು ಮಾತ್ರ, ಬೆಲೆ ಎಷ್ಟೇ ಇರಲಿ. ಬಕಿಂಗ್‌ಹ್ಯಾಮ್ ಅರಮನೆಯೂ ಎಚ್ ಬ್ಯಾಂಡೇ. ಪಾಲಿನ ಪೌಂಡ್ ಎಷ್ಟೆಂದು ಆಯಾ ಕೌನ್ಸಿಲ್ ಗೊತ್ತುಮಾಡುವುದರಿಂದ, ಉತ್ತರದ ಹಾರ್ಟಲ್‌ಪೂಲ್‌ನ ಡಿ ಮನೆಯವರು ವೆಸ್ಟ್‌ಮಿನ್‌ಸ್ಟರ್‌ನ ಆ ಅರಮನೆಯ ಬಿಲ್ಲಿಗಿಂತ ಹೆಚ್ಚು ಕಟ್ಟುತ್ತಾರೆ.

ಸರಿಪಡಿಸುವುದು ಗೊತ್ತಿಲ್ಲದೆ ಅಲ್ಲ. ವೇಲ್ಸ್ 2003ರ ಬೆಲೆಗೆ ಬದಲಾಯಿಸಿಕೊಂಡು 2005ರಿಂದ ಜಾರಿ ಮಾಡಿತು. ಅಲ್ಲಿ ಬ್ಯಾಂಡ್ ಇಳಿದವರಿಗಿಂತ ಏರಿದವರೇ ಹೆಚ್ಚಾದರು. ಅದೇ ವರ್ಷ ಇಂಗ್ಲೆಂಡ್ 2007ಕ್ಕೆ ಇಟ್ಟುಕೊಂಡಿದ್ದ ಮರುಮೌಲ್ಯಮಾಪನವನ್ನು ಮುಂದಕ್ಕೆ ಹಾಕಿತು. ಇಳಿದವರು ಸದ್ದಿಲ್ಲದೆ ಮನೆಗೆ ಹೋಗುತ್ತಾರೆ, ಏರಿದವರು ಮತಗಟ್ಟೆಯ ತನಕ ನೆನಪಿಟ್ಟುಕೊಳ್ಳುತ್ತಾರೆ. ಹಳೆಯ ಬೆಲೆ ಊಹಿಸುವುದು ಕಷ್ಟವೇನಲ್ಲ, ಸೂಚ್ಯಂಕ ಇದ್ದರೆ ಸಾಕು. ಇವತ್ತಿನ ಬೆಲೆ ಬರೆಯುವುದಕ್ಕೆ ಎದೆಗಾರಿಕೆ ಬೇಕು.

ಬೆಂಗಳೂರಿನಲ್ಲಿ ಕೂತು ಇದಕ್ಕೆ ನಗುವ ಹಕ್ಕು ನಮಗೂ ಹೆಚ್ಚಿಲ್ಲ. 2008ರಲ್ಲಿ ಬಂದ ಯೂನಿಟ್ ಏರಿಯಾ ಪದ್ಧತಿಯಲ್ಲಿ ಬೀದಿಗಳನ್ನು ಗೈಡೆನ್ಸ್ ವ್ಯಾಲ್ಯೂ ನೋಡಿ ಎ ಇಂದ ಎಫ್ ತನಕ ವಲಯಗಳಾಗಿ ವಿಂಗಡಿಸಿದರು. ಯಾವ ವಲಯ, ಎಷ್ಟು ಚದರಡಿ ಎಂದು ಮಾಲೀಕರೇ ಘೋಷಿಸಿಕೊಳ್ಳಬೇಕು. 2016ರಲ್ಲಿ ವಲಯಗಳು ಬದಲಾದದ್ದು ತಿಳಿಯದೆ ಹಳೆಯ ಲೆಕ್ಕದಲ್ಲೇ ಕಟ್ಟಿಕೊಂಡು ಬಂದವರ ಮನೆಗೆ ವರ್ಷಗಳ ನಂತರ ದಂಡ, ಬಡ್ಡಿ ಸಮೇತ ನೋಟಿಸ್ ಬಂತು. ಅಲ್ಲಿ ಊಹೆ ಸರ್ಕಾರದ್ದು, ತಪ್ಪು ಹುಡುಕುವುದು ಜನರದು. ಇಲ್ಲಿ ಊಹೆಯೂ ನಮ್ಮದೇ, ದಂಡವೂ ನಮ್ಮದೇ.

ಎರಡೂ ಕಡೆ ಬೇಕಾದದ್ದು ಒಂದೇ. ಬೆಲೆಯನ್ನು ಗೊತ್ತಾದ ಅವಧಿಗೊಮ್ಮೆ, ಚುನಾವಣೆ ಹತ್ತಿರವಿರಲಿ ದೂರವಿರಲಿ, ಹೊಸದಾಗಿ ಕಟ್ಟಬೇಕು. ಮತ್ತು ಆ ಬೆಲೆಯನ್ನು, ಅದರ ವರ್ಷವನ್ನು ಬಿಲ್ಲಿನಲ್ಲೇ ಬರೆಯಬೇಕು. ಮಗಳ ಬಿಲ್ಲಿನಲ್ಲಿ ಬ್ಯಾಂಡಿನ ಅಕ್ಷರವಿದೆ. ಯಾವ ಬೆಲೆಗೆ ಆ ಅಕ್ಷರ ಎಂಬುದಿಲ್ಲ.

ಅರ್ಜಿ ಹಾಕಬೇಕೋ ಬೇಡವೋ ಎಂದು ಮಗಳು, ಅಳಿಯ ಇನ್ನೂ ತೀರ್ಮಾನಿಸಿಲ್ಲ. ನಾನು ಊರಿಗೆ ಹೊರಡುವ ಮುನ್ನ ಅವಳು, "ಅಪ್ಪ, ನಮ್ಮ ಬೆಂಗಳೂರು ಮನೆ ಕಂದಾಯ ಯಾವ ವರ್ಷದ ಬೆಲೆ ಮೇಲೆ?" ಎಂದು ಕೇಳಿದಳು. ಬಂದವನೇ ಬೀರುವಿನಲ್ಲಿದ್ದ ರಸೀದಿಗಳ ಕಟ್ಟು ಬಿಚ್ಚಿದೆ. ಕಟ್ಟಿದ ಮೊತ್ತವಿದೆ, ವಲಯವಿದೆ, ರಿಯಾಯಿತಿಯ ಶೇಕಡಾ 5 ಕೂಡ ಇದೆ. ಅವಳು ಕೇಳಿದ ವರ್ಷ ಮಾತ್ರ ಯಾವ ರಸೀದಿಯಲ್ಲೂ ಸಿಗಲಿಲ್ಲ.